ಊರು ಬಿಟ್ಟು ಬಂದವರಿಗೊಂದು ಸೂರು



ಚೆನ್ನೈನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಪೂನಮಲ್ಲಿ ದಾಟಿದ ಮೇಲೆ ಶ್ರೀಪೆರಂಬುದೂರು ಬರುತ್ತದಲ್ಲ, ಆ ರಸ್ತೆ ನಮಗೆಲ್ಲ ಚಿರಪರಿಚಿತ. 2021ರ ಡಿಸೆಂಬರ್‌ನಲ್ಲಿ ಅದೇ ಹೆದ್ದಾರಿಯಲ್ಲಿ ಫಾಕ್ಸ್‌ಕಾನ್ ಕಾರ್ಖಾನೆಯ ಹೆಣ್ಣುಮಕ್ಕಳು ಕುಳಿತು ವಾಹನ ತಡೆದಿದ್ದು ನೆನಪಿದೆಯೇ? ಮೊಬೈಲ್ ಫೋನ್ ಜೋಡಿಸುವ ಕೆಲಸದವರು. ಗಲಾಟೆ ಶುರುವಾದದ್ದು ಸಂಬಳದಿಂದಲ್ಲ, ಹಾಸ್ಟೆಲ್ ಊಟದಿಂದ. 250ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದಿದ್ದರು. ಆಮೇಲೆ ಒಂದೊಂದೇ ಸಂಗತಿ ಹೊರಬಿತ್ತು: ಕೆಲವು ಕೋಣೆಗಳಲ್ಲಿ 30 ಜನ, ನೆಲದ ಮೇಲೆ ನಿದ್ದೆ, ನೀರಿಲ್ಲದ ಶೌಚಾಲಯ.

ಊಟ ಕೆಟ್ಟಿತು ಎಂದರೆ ಅಡುಗೆಯವನನ್ನು ಬಯ್ಯುತ್ತೇವೆ. ಆದರೆ ಐದಾರು ಜನರ ಜಾಗದಲ್ಲಿ ಮೂವತ್ತು ಜನರನ್ನು ತುಂಬಿದ ದಿನವೇ ಅರ್ಧ ಕೆಟ್ಟಿತ್ತು ಅನ್ನಿಸುತ್ತದೆ ನನಗೆ.

2024ರ ಆಗಸ್ಟ್‌ನಲ್ಲಿ ಅದೇ ಭಾಗದ ವಲ್ಲಂ ವಡಗಾಲ್‌ನಲ್ಲಿ ತಮಿಳುನಾಡು ಸರ್ಕಾರದ ಸಿಪ್ಕಾಟ್ ಸಂಸ್ಥೆ ಕಟ್ಟಿಸಿದ ವಸತಿ ಸಮುಚ್ಚಯ ಉದ್ಘಾಟನೆಯಾಯಿತು. ವೆಚ್ಚ 706.50 ಕೋಟಿ ರೂಪಾಯಿ. ಲೆಕ್ಕ ನೋಡಿ: 13 ಕಟ್ಟಡ, ಒಂದೊಂದರಲ್ಲಿ 240 ಕೋಣೆ, ಕೋಣೆಗೆ 6 ಜನ. ಒಟ್ಟು 18,720 ಹೆಣ್ಣುಮಕ್ಕಳು. ನಮ್ಮ ಕಡೆಯ ಒಂದು ಸಣ್ಣ ಪಟ್ಟಣವೇ ಸರಿ!

ಇಲ್ಲಿ ಮುಖ್ಯವಾದದ್ದು ಜಾಗ. ಪಟ್ಟಣದಲ್ಲಿ ಮನೆ ದುಬಾರಿಯಾಗುವುದು ಇಟ್ಟಿಗೆ, ಸಿಮೆಂಟಿನಿಂದ ಮಾತ್ರವಲ್ಲ, ಕೆಳಗಿನ ನೆಲದಿಂದ. ಕೈಗಾರಿಕಾ ಪ್ರದೇಶದೊಳಗಿನ ಸರ್ಕಾರಿ ಜಾಗದಲ್ಲೇ ಕಟ್ಟಿದರೆ ನೆಲದ ಬೆಲೆ ಬಾಡಿಗೆಯ ಮೇಲೆ ಕೂರುವುದಿಲ್ಲ, ಬಸ್ಸಿನ ಓಡಾಟವೂ ಉಳಿಯುತ್ತದೆ. ಉಳಿದದ್ದು ಸಣ್ಣ ಸಣ್ಣ ವಿಷಯ, ಆದರೆ ಮರೆತರೆ ಕಷ್ಟ. ರಾತ್ರಿ ಪಾಳಿಯವರು ಹಗಲಲ್ಲಿ ಮಲಗಬೇಕು; ಒಂದೇ ಪಾಳಿಯವರನ್ನು ಒಂದೇ ಕೋಣೆಗೆ ಹಾಕದಿದ್ದರೆ ಯಾರಿಗೂ ನಿದ್ದೆಯಿಲ್ಲ. ಚೆನ್ನೈ ಸೆಕೆಗೆ ಎದುರುಬದುರು ಕಿಟಕಿ ಬೇಕು. ಒಗೆದ ಬಟ್ಟೆ ಒಣಗಿಸಲು ಜಾಗ ಬೇಕು.

ಕಾರ್ಖಾನೆಯವರಿಗೇನೋ ಹೀಗೆ ದಾರಿಯಾಯಿತು. ಮೆಟ್ರೋ ಹಳಿ, ಅಪಾರ್ಟ್‌ಮೆಂಟ್ ಕಟ್ಟುವ ಬಿಹಾರ, ಒಡಿಶಾದವರ ಪಾಡು? ಕಟ್ಟಡ ಕಾರ್ಮಿಕರ 1996ರ ಕಾಯ್ದೆಯೇ ಮಾಲೀಕರು ಉಚಿತವಾಗಿ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ ಬೇರೆ ಬೇರೆ ಜಾಗವಿರಬೇಕು ಎಂದು ಹೇಳಿತ್ತು. ಕಣ್ಣಿಗೆ ಬೀಳುವುದು ಮಾತ್ರ ಹೆಚ್ಚಾಗಿ ತಗಡಿನ ಶೆಡ್ಡು. ಮೇ ತಿಂಗಳ ಮಧ್ಯಾಹ್ನ ಅದರೊಳಗೆ ಒಮ್ಮೆ ನಿಂತು ನೋಡಿ. ಹೆಂಡತಿ, ಮಕ್ಕಳೊಡನೆ ಬಂದವರಿಗೆ ಆರು ಹಾಸಿಗೆಯ ಹಾಸ್ಟೆಲ್ ಕೋಣೆಯೂ ಒಗ್ಗದು. ಅವರಿಗೆ ಬೇಕಾದದ್ದು ಒಂದು ಕೋಣೆ, ಒಂದು ಒಲೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು.

ನಿಮ್ಮ ಬೀದಿಯಲ್ಲೂ ಯಾವುದೋ ಕಟ್ಟಡ ಏಳುತ್ತಿರಬಹುದು. ಅಲ್ಲಿನ ಕೆಲಸಗಾರರು ಎಲ್ಲಿ ಮಲಗುತ್ತಾರೆ? ವಿಚಾರಿಸಿ, ನಮಗೊಂದು ಪತ್ರ ಬರೆಯಿರಿ.