ಗುದ್ದಿದ ಕಾರು: ಚಾಸಿ ಎಳೆಸಬೇಕೋ, ಬಿಡಬೇಕೋ?

ವಾಸ್ಕೊ: ಸವದತ್ತಿ ಎಲ್ಲಮ್ಮನ ಜಾತ್ರೆ ಮುಗಿಸಿಕೊಂಡು ಗೋವಾಕ್ಕೆ ವಾಪಸ್ ಬರುವಾಗ ಅನಮೋಡ ಘಟ್ಟದ ತಿರುವಿನಲ್ಲಿ ಎದುರು ಬಂದ ಲಾರಿಗೆ ದಾರಿ ಬಿಡಲು ಹೋಗಿ ಕಾರು ರಸ್ತೆ ಬದಿಯ ಗೋಡೆಗೆ ಗುದ್ದಿತು. ಒಳಗಿದ್ದ ನಾಲ್ವರಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ತ್ರಾಸು ಶುರುವಾದದ್ದು ಮಾರನೇ ದಿನ. ಟೋ ಮಾಡಿ ತಂದ ಕಾರು ಜುವಾರಿನಗರದ ಮನೆ ಮುಂದೆ ನಿಂತಿತ್ತು, ಓಣಿ ಮಂದಿಯೆಲ್ಲ ಸುತ್ತ ಸೇರಿದ್ದರು.

‘ಬಂಪರ್, ಬಾನೆಟ್ಟು ಬದ್ಲ ಮಾಡ್ಸು, ಮುಗೀತು’ ಎಂದರು ಒಬ್ಬರು. ‘ಚಾಸಿ ಬೆಂಡ್ ಆಗೈತಿ, ಬಂದಷ್ಟಕ್ಕ ಮಾರಿಬಿಡು’ ಎಂದರು ಇನ್ನೊಬ್ಬರು. ಊರಿನಿಂದ ಹೆಂಡತಿಯ ತಮ್ಮನ ಫೋನೂ ಬಂತು: ‘ಹಳ್ಳ್ಯಾಗ ಅಡ್ಡಾಡಾಕ ಸಾಕಾಗತೈತಿ ಮಾವಾ, ನನಗ ಕೊಡು.’

ಬಾಗಲಕೋಟೆ ಜಿಲ್ಲೆಯಿಂದ ಬಂದು ಇಲ್ಲಿ ಕಂಪನಿಯೊಂದರಲ್ಲಿ ದುಡಿಯುವ ಈ ಮನೆ ಯಜಮಾನರು ‘ಹೆಸರು ಮಾತ್ರ ಹಾಕಬ್ಯಾಡ್ರಿ’ ಎಂಬ ಷರತ್ತಿನ ಮೇಲೆ ಕಾಗದಪತ್ರ ಬಿಚ್ಚಿಟ್ಟರು. ಕಾರಿಗೆ ಆರು ವರ್ಷ. ಊರಿನಲ್ಲಿರುವ ತಾಯಿಯನ್ನು ಹುಬ್ಬಳ್ಳಿ ಆಸ್ಪತ್ರೆಗೆ ತೋರಿಸಲು ತಿಂಗಳಿಗೊಮ್ಮೆ ಇದೇ ಘಟ್ಟ ಹತ್ತಿ ಇಳಿಯಬೇಕು. ಹೀಗಾಗಿ ಕಾರು ಚಂದ ಕಂಡರೆ ಸಾಲದು, ತಿರುವಿನಲ್ಲಿ ಹೇಳಿದ ಕಡೆ ತಿರುಗಬೇಕು.

ಲಾರಿ ಬೇರೆ, ಕಾರು ಬೇರೆ

ಗಣಿ ನಡೆಯುತ್ತಿದ್ದ ಕಾಲದಲ್ಲಿ ಟಿಪ್ಪರ್ ಓಡಿಸಿದ, ಟಿಪ್ಪರ್ ರಿಪೇರಿ ಮಾಡಿದ ಕನ್ನಡಿಗರು ಗೋವಾದಲ್ಲಿ ಬಹಳ. 2012ರಲ್ಲಿ ಗಣಿಗಾರಿಕೆ ನಿಂತ ಮೇಲೆ ಚದುರಿ ಹೋದರೂ ಆ ಕೆಲಸದ ತಿಳಿವಳಿಕೆ ಅವರ ಬಳಿ ಉಳಿದಿದೆ. ಚಾಸಿ ಎಂದರೆ ಅವರ ಕಣ್ಣ ಮುಂದೆ ಬರುವುದು ಏಣಿಯಂಥ ಎರಡು ಉದ್ದ ಪಟ್ಟಿ, ನಡುವೆ ಅಡ್ಡ ಪಟ್ಟಿ. ಬಾಗಿದರೆ ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಬೇಕು, ಸುತ್ತಿಗೆಯಿಂದ ಬಡಿಯಬೇಕು. ಬೊಲೆರೊ, ಸ್ಕಾರ್ಪಿಯೊ, ಹಳೆಯ ಇನೋವಾ ಇಂದಿಗೂ ಇಂಥ ಏಣಿ ಚಾಸಿ ಮೇಲೆಯೇ ನಿಂತಿವೆ.

ಮನೆ ಮುಂದೆ ನಿಲ್ಲುವ ಸಣ್ಣ ಕಾರಿಗೆ ಬೇರೆ ಚಾಸಿ ಇಲ್ಲವೇ ಇಲ್ಲ. ತಗಡನ್ನು ಒತ್ತಿ, ಸಾವಿರಾರು ಕಡೆ ವೆಲ್ಡ್ ಹಾಕಿ ಮಾಡಿದ ಪಂಜರವೇ ಅದರ ಚಾಸಿ, ಅದೇ ಬಾಡಿ. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. ಎಂಜಿನ್ ಎರಡೂ ಬದಿಗೆ ಮುಂದಕ್ಕೆ ಚಾಚಿದ ಉದ್ದ ತೊಲೆಗಳನ್ನು ಗ್ಯಾರೇಜಿನವರು ಲಾಂಗ್ ಮೆಂಬರ್ ಅನ್ನುತ್ತಾರೆ. ಗುದ್ದಿದಾಗ ಅವು ಮಡಚಿಕೊಂಡು ಏಟು ನುಂಗಲೆಂದೇ ಮಾಡಿದವು. ಅವು ಮಡಚಿಕೊಳ್ಳುವ ರೀತಿ ನೋಡಿಕೊಂಡೇ ಏರ್‌ಬ್ಯಾಗ್ ಯಾವಾಗ ತೆರೆಯಬೇಕೆಂದು ಕಂಪನಿ ಲೆಕ್ಕ ಹಾಕಿರುತ್ತದೆ. ಒಮ್ಮೆ ಮಡಚಿದ್ದನ್ನು ಕಾಯಿಸಿ ಬಡಿದು ನೇರ ಮಾಡಿದರೆ ನೋಡಲು ಸರಿ ಕಾಣುತ್ತದೆ. ಆದರೆ ಗಟ್ಟಿ ಉಕ್ಕು ಕಾದರೆ ತನ್ನ ಬಲ ಕಳೆದುಕೊಳ್ಳುತ್ತದೆ. ಮುಂದಿನ ಸಲ ಗುದ್ದಿದರೆ ಎಲ್ಲಿ ಮಡಚಬೇಕೋ ಅಲ್ಲಿ ಮಡಚುವ ಖಾತ್ರಿ ಇಲ್ಲ.

ಪಂಜರದ ಬೆಲೆ ಎಷ್ಟೆಂಬುದು ದೇಶಕ್ಕೆ ಗೊತ್ತಾದದ್ದು 2014ರ ಜನವರಿಯಲ್ಲಿ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಅವುಗಳಲ್ಲಿ ಮೂರರ ಪಂಜರವೇ ನಿಲ್ಲಲಿಲ್ಲ. ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್‌ನಿಂದ ಶುರುವಾಗಿದೆ. ಆದರೆ ಸ್ಟಾರ್ ಕೊಡುವುದು ಹೊಸ ಕಾರಿಗೆ. ಓಣಿ ಗ್ಯಾರೇಜಿನಲ್ಲಿ ಬಡಿಸಿಕೊಂಡು ಬಂದ ಕಾರಿಗೆ ಎಷ್ಟು ಸ್ಟಾರ್ ಉಳಿದವು ಎಂದು ಹೇಳುವವರಿಲ್ಲ.

11 ಮಿ.ಮೀ. ಫರಕು

ಹತ್ತಿರದ ಗ್ಯಾರೇಜಿನವರು ನೋಡಿ, ಎರಡು ವಾರದಲ್ಲಿ ಹೊಸದರಂತೆ ಮಾಡಿಕೊಡುವೆ, 65,000 ರೂಪಾಯಿ, ಇನ್ಶೂರೆನ್ಸ್ ಗೊಡವೆ ಬೇಡ ಎಂದರು. ಬಾನೆಟ್ ಒಳಗಿನ ಬಾಗು? ‘ಅದು ಕಾಣಂಗಿಲ್ರಿ’ ಎಂಬ ಉತ್ತರ ಬಂತು. ಆ ಮಾತೇ ತಮ್ಮ ಕಣ್ಣು ತೆರೆಸಿತು ಎನ್ನುತ್ತಾರೆ ಮನೆಯಾಕೆ: ‘ಕಾಣಂಗಿಲ್ಲಂದ್ರ ಇಲ್ಲಂತ ಅಲ್ಲಲ್ರೀ?’

ವೆರ್ಣಾ ಕಡೆಯ ದೊಡ್ಡ ಬಾಡಿ ಶಾಪ್‌ಗೆ ಕಾರು ಹೋಯಿತು. ಅಲ್ಲಿ ಮೊದಲು ಮಾಡಿದ ಕೆಲಸ ಅಳತೆ. ಎಂಜಿನ್ ಕೋಣೆಯ ಒಂದು ಮೂಲೆಯಿಂದ ಎದುರು ಮೂಲೆಗೆ, ಮತ್ತೆ ಇನ್ನೊಂದು ಜೋಡಿ ಮೂಲೆಗೆ ಗೇಜ್ ಹಿಡಿದರು. ಎರಡೂ ಸಮ ಇರಬೇಕು, ಕಂಪನಿಯ ಅಳತೆ ಪಟ್ಟಿಗೆ ತಾಳೆಯಾಗಬೇಕು. ಹೆಚ್ಚೆಂದರೆ 3 ಮಿ.ಮೀ. ಹೆಚ್ಚುಕಮ್ಮಿ ನಡೆದೀತು. ಇಲ್ಲಿ ಸಿಕ್ಕಿದ್ದು 11 ಮಿ.ಮೀ. ಫರಕು. ಬಲಗಡೆ ಲಾಂಗ್ ಮೆಂಬರ್ ತುದಿಯಲ್ಲಿ ಮಡಚಿತ್ತು, ಅದರಿಂದಾಗಿ ಶಾಕ್‌ಅಬ್ಸಾರ್ಬರ್ ಕೂರುವ ಗೋಪುರವೂ ಸರಿದಿತ್ತು. ಗೋಪುರ ಸರಿದಿದ್ದರೆ ಎಷ್ಟು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಅಷ್ಟೇ. ಸ್ಟೇರಿಂಗ್ ಒಂದೇ ಕಡೆ ಎಳೆಯುತ್ತದೆ, ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ. ಅಲೈನ್‌ಮೆಂಟ್ ಮಾಡುವವನನ್ನು ಬೈದು ಬರುವವರು ನಮ್ಮಲ್ಲಿ ಬಹಳ, ಪಾಪ ಅವನ ತಪ್ಪಿರುವುದಿಲ್ಲ.

ಇನ್ನು ದುಡ್ಡಿನ ಮಾತು. ಪಾಲಿಸಿಯಲ್ಲಿ ಕಾರಿನ ಬೆಲೆ, ಅಂದರೆ ಐಡಿವಿ, 3 ಲಕ್ಷ. ರಿಪೇರಿ ಖರ್ಚು ಇದರ ಶೇ 75 ದಾಟಿದರೆ, ಅಂದರೆ 2.25 ಲಕ್ಷ ಮೀರಿದರೆ, ವಿಮೆಯವರು ಟೋಟಲ್ ಲಾಸ್ ಎಂದು ಬರೆಯುತ್ತಾರೆ. ಮೊದಲ ಅಂದಾಜು 1.38 ಲಕ್ಷ. ಬಿಚ್ಚಿ ನೋಡಿದ ಮೇಲೆ 1.92 ಲಕ್ಷ. ಗೆರೆ ದಾಟಲಿಲ್ಲ.

ಇದರಲ್ಲಿ ಕಬ್ಬಿಣದ ಭಾಗ 70,000. ಐದು ವರ್ಷ ದಾಟಿದ ಕಾರಿಗೆ ಶೇ 40 ಸವಕಳಿ, 28,000 ಮಾಲೀಕರ ಮೇಲೆ. ಪ್ಲಾಸ್ಟಿಕ್, ರಬ್ಬರ್ 40,000, ಅದರಲ್ಲಿ ಅರ್ಧ ಅವರದೇ. ಬಣ್ಣದ ಕೆಲಸ 24,000, ಅದರ ಕಾಲು ಭಾಗವನ್ನು ಸಾಮಾನಿನ ಬೆಲೆ ಎಂದು ಹಿಡಿದು ಅರ್ಧ ಕಡಿತ, 3,000. ಚಾಸಿ ಎಳೆಯುವುದೂ ಸೇರಿ ಮಜೂರಿ 58,000, ಇದಕ್ಕೆ ಸವಕಳಿ ಇಲ್ಲ. ಕಡ್ಡಾಯ ಕಡಿತ 1,000. ಒಟ್ಟು ಕೈಯಿಂದ ಹೋಗುವುದು 52,000 ರೂಪಾಯಿ.

ಓಣಿ ಗ್ಯಾರೇಜಿನ 65,000ಕ್ಕಿಂತ ಇದೇ ಅಗ್ಗ! ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ ಎಂದು ಹೆದರಿ ಕೈಯಿಂದ ಖರ್ಚು ಮಾಡುವವರು ಈ ಕೂಡುಕಳೆ ಒಮ್ಮೆಯಾದರೂ ಮಾಡಿ ನೋಡಬೇಕು. ಆದರೆ ಸರ್ವೇಯರ್ ನೋಡುವ ಮೊದಲು ಕಾರು ಬಿಚ್ಚಿಸಬಾರದು. ಬಿಚ್ಚಿದಾಗ ಹೊಸ ಪೆಟ್ಟು ಕಂಡರೆ ಅವರನ್ನು ಮತ್ತೆ ಕರೆಸಬೇಕು. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದವರಿಗೆ ಈ ಯಾವ ಲೆಕ್ಕವೂ ಅನ್ವಯಿಸದು, ಅವರದು ಪೂರ್ತಿ ಕೈಖರ್ಚು. ವಿಮೆಯವರೊಂದಿಗೆ ತಕರಾರು ಬಂದು ಬಗೆಹರಿಯದಿದ್ದರೆ ಗೋವಾದವರು ಹೋಗಬೇಕಾದ ವಿಮಾ ಓಂಬುಡ್ಸ್‌ಮನ್ ಕಚೇರಿ ಪುಣೆಯಲ್ಲಿದೆ.

ಮೈದುನನಿಗೆ ಏನು ಹೇಳುವುದು?

ಗುದ್ದಿದ ಗಾಡಿಯನ್ನು ಗಡಿ ದಾಟಿಸಿ ಊರ ಕಡೆ ಮಾರುವುದು ಹೊಸ ಮಾತಲ್ಲ. ಎನ್‌ಒಸಿ ತೆಗೆದು ಅಲ್ಲಿನ ತೆರಿಗೆ ಕಟ್ಟಿದರೆ ನಂಬರೇ ಬದಲಾಗುತ್ತದೆ. ಕಾರು ಎಲ್ಲಿ ಗುದ್ದಿತ್ತು, ಚಾಸಿ ಎಳೆಸಿದ್ದಾರೋ ಇಲ್ಲವೋ ಎಂಬುದು ಆರ್‌ಸಿಯಲ್ಲಿ ಇರುವುದಿಲ್ಲ. ಕೊಳ್ಳುವವರು ಹಳೆಯ ಪಾಲಿಸಿ ಕೇಳಿ ಬೋನಸ್ ಶೇಕಡಾ ನೋಡಬೇಕು. ಒಬ್ಬರೇ ಮಾಲೀಕರ ಹೆಸರಿನಲ್ಲಿ ನಾಲ್ಕೈದು ವರ್ಷ ಓಡಿದ ಗಾಡಿಗೆ ಸೊನ್ನೆ ಇದ್ದರೆ ಯಾಕೆಂದು ಕೇಳಬೇಕು. ಮಳೆಯಲ್ಲಿ ಡೋರಿನಿಂದ ನೀರು ಒಳಗೆ ಬಂದರೆ, ಬಾನೆಟ್ ಸಂದು ಒಂದು ಕಡೆ ಅಗಲ, ಒಂದು ಕಡೆ ಸಣ್ಣ ಇದ್ದರೆ ಅದೂ ಒಂದು ಗುರುತೇ.

‘ಮೈದುನ ಸಣ್ಣ ಕೂಸಿನ ಕರಕೊಂಡು ಅಡ್ಡಾಡತಾನ್ರಿ. ನಾವು ಕುಂಡ್ರಾಕ ಹೆದರೂ ಗಾಡ್ಯಾಗ ಅಂವಗ ಹೆಂಗ ಕುಂಡ್ರು ಅನ್ನೂದು?’ ಎಂದರು ಯಜಮಾನರು. ಮಾರುವ ಮಾತು ಅಲ್ಲಿಗೆ ನಿಂತಿತು.

ಕಾರನ್ನು ಬೆಂಚ್ ಮೇಲೆ ಬಿಗಿದು, ಹೈಡ್ರಾಲಿಕ್ ಸರಪಳಿ ಹಾಕಿ, ಕಾಯಿಸದೆ ನಿಧಾನವಾಗಿ ಎಳೆದರು. ಮಡಚಿದ ತುದಿ ಕತ್ತರಿಸಿ ಹೊಸ ಭಾಗ ವೆಲ್ಡ್ ಮಾಡಿದರು. ಸಮುದ್ರದ ಉಪ್ಪು ಗಾಳಿಗೆ ವಾಸ್ಕೊದಲ್ಲಿ ಹಸಿ ವೆಲ್ಡ್ ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ಒಳಗಿನ ಪೊಳ್ಳಿಗೂ ಮೇಣ ಹೊಡೆಸಿದರು. 25 ದಿನ ಹಿಡಿಯಿತು. ನಡುವೆ ತಾಯಿಯನ್ನು ತೋರಿಸಲು ವಾಯವ್ಯ ಸಾರಿಗೆ ಬಸ್ಸಿನಲ್ಲೇ ಹೋಗಿಬಂದರು.

ಗಾಡಿ ಕೊಡುವಾಗ ಶಾಪ್‌ನವರು ಸ್ಯಾಟಿಸ್ಫ್ಯಾಕ್ಷನ್ ವೋಚರ್ ಮುಂದಿಟ್ಟರು. ಎಳೆದ ಮೇಲಿನ ಅಳತೆ ಚೀಟಿ, ಅಲೈನ್‌ಮೆಂಟ್ ಪ್ರಿಂಟ್ ಎರಡೂ ಕೈಗೆ ಬರುವ ತನಕ ಇವರು ಸಹಿ ಹಾಕಲಿಲ್ಲ. ಫರಕು ಈಗ 2 ಮಿ.ಮೀ. ಎರಡೂ ಚೀಟಿ ಆರ್‌ಸಿ ಜೊತೆ ಪ್ಲಾಸ್ಟಿಕ್ ಕವರಿನಲ್ಲಿವೆ. ಮುಂದಿನ ತಿಂಗಳು ಘಟ್ಟ ಹತ್ತಿದಾಗ ಅನಮೋಡದಲ್ಲಿ ಗಾಡಿ ನಿಲ್ಲಿಸಿ, ಬಲಗಡೆ ಮುಂದಿನ ಟೈರಿನ ಎರಡೂ ಅಂಚಿಗೆ ಕೈ ಆಡಿಸಿ ನೋಡಿದರು. ಸಮ ಇತ್ತು. ಚಹಾ ಕುಡಿದು ಹುಬ್ಬಳ್ಳಿ ಕಡೆ ಹೊರಟರು.