ಮೂಗಿನ ಎರಡನೇ ಶಸ್ತ್ರಚಿಕಿತ್ಸೆ: ನಿರ್ಧರಿಸುವ ಮುನ್ನ



ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದು ಕೊಯ್ದ ಮೂಗನ್ನೂ ಮತ್ತೆ ಕಟ್ಟಿಕೊಡುವಷ್ಟು ವೈದ್ಯಶಾಸ್ತ್ರ ಬೆಳೆದಿದೆ. ಆದರೂ ಆ ಗಾದೆಯಲ್ಲಿರುವ ಎಚ್ಚರಿಕೆ ಹಳೆಯದಾಗಿಲ್ಲ. ಮೂಗಿನ ವಿಷಯದಲ್ಲಿ ಅವಸರದ ತೀರ್ಮಾನ ಒಮ್ಮೆ ಕೈಕೊಟ್ಟರೆ ಅದನ್ನು ಸರಿಪಡಿಸುವುದು ಸುಲಭವಲ್ಲ.

ಗೋಕಾಕ ತಾಲೂಕಿನ ಮಮದಾಪುರದಂತಹ ಊರನ್ನೇ ತೆಗೆದುಕೊಳ್ಳಿ. ಬೆಳಗಾವಿ, ಪುಣೆ, ಬೆಂಗಳೂರುಗಳ ಕ್ಲಿನಿಕ್‌ಗಳ ಜಾಹೀರಾತು ಈಗ ಮೊಬೈಲಿನ ಮೂಲಕ ಅಡುಗೆಮನೆಯವರೆಗೂ ಬರುತ್ತದೆ. ಅಂತಹ ಊರಿನ ಹೆಣ್ಣುಮಗಳೊಬ್ಬಳು ನಿಕಾಹ್‌ಗೆ ಮುನ್ನ ಮೂಗಿನ ಉಬ್ಬು ತೆಗೆಸಿಕೊಂಡಳು ಎಂದಿಟ್ಟುಕೊಳ್ಳಿ. ಆರು ತಿಂಗಳು ಕಳೆದಿದೆ. ಮೂಗು ಒಂದು ಕಡೆಗೆ ವಾಲಿದಂತೆ ಕಾಣುತ್ತದೆ. ರಾತ್ರಿ ಮಲಗಿದರೆ ಒಂದು ಹೊಳ್ಳೆಯಲ್ಲಿ ಉಸಿರಾಡುವುದು ಕಷ್ಟ. ಹಣ ಕೊಟ್ಟ ತಂದೆಗೆ ಹೇಳಲು ಭಯ, ಅತ್ತೆಮನೆಯಲ್ಲಿ ಹೇಳಲು ನಾಚಿಕೆ. ಮತ್ತೊಮ್ಮೆ ಆಪರೇಷನ್ ಮಾಡಿಸಿಕೊಂಡರೆ ಹೇಗೆ ಎಂಬ ಒಂದೇ ಯೋಚನೆ. ಇಂತಹ ಸ್ಥಿತಿಯಲ್ಲಿ ನೀವಿದ್ದರೆ, ಅಥವಾ ನಿಮ್ಮ ಮಗಳು, ತಂಗಿ, ನಾದಿನಿ ಇದ್ದರೆ, ಈ ಲೇಖನ ನಿಮಗಾಗಿ.

ಮೊದಲ ಔಷಧಿ ಕಾಯುವಿಕೆ

ಶಸ್ತ್ರಚಿಕಿತ್ಸೆಯಾದ ಮೂಗು ಕೆಲವು ವಾರಗಳಲ್ಲಿ ಗುಣವಾದಂತೆ ಕಂಡರೂ ಒಳಗಿನ ಊತ ಪೂರ್ತಿ ಇಳಿಯಲು ಸುಮಾರು ಒಂದು ವರ್ಷ ಬೇಕು. ದಪ್ಪ ಚರ್ಮದ ಮೂಗಿಗೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಮೂಗಿನ ತುದಿಯ ಊತ ಎಲ್ಲಕ್ಕಿಂತ ಕೊನೆಗೆ ಇಳಿಯುತ್ತದೆ. ಆದ್ದರಿಂದ ಆರನೇ ತಿಂಗಳಲ್ಲಿ ಕನ್ನಡಿಯಲ್ಲಿ ಕಾಣುವ ಮೂಗು ನಿಮ್ಮ ಕೊನೆಯ ಮೂಗಲ್ಲ. ಅನುಭವಿ ತಜ್ಞರು ಎರಡನೇ ಶಸ್ತ್ರಚಿಕಿತ್ಸೆಗೆ ಮುನ್ನ ಕನಿಷ್ಠ ಒಂದು ವರ್ಷ ಕಾಯಿರಿ ಎನ್ನುವುದು ಇದಕ್ಕಾಗಿಯೇ. ಅದಕ್ಕೆ ಮೊದಲೇ ಚರ್ಮ ಬಿಡಿಸಿದರೆ ಹಸಿ ಗಾಯದ ಮೇಲೆ ಮತ್ತೊಂದು ಗಾಯ ಮಾಡಿದಂತಾಗುತ್ತದೆ.

ಆದರೆ ಕೆಲವು ಲಕ್ಷಣಗಳಿಗೆ ಒಂದು ದಿನವೂ ಕಾಯಬಾರದು. ಆಪರೇಷನ್ ಆದ ದಿನಗಳಲ್ಲಿ ನಿಲ್ಲದ ರಕ್ತಸ್ರಾವ, ಜ್ವರ, ಹೆಚ್ಚುತ್ತಲೇ ಹೋಗುವ ನೋವು, ಎರಡೂ ಹೊಳ್ಳೆಗಳು ಒಳಗಿನಿಂದ ಉಬ್ಬಿ ಮುಚ್ಚಿಕೊಳ್ಳುವುದು, ಮೂಗಿನಿಂದ ನೀರಿನಂತಹ ತಿಳಿ ದ್ರವ ಸೋರುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ತೊಂದರೆ ಯಾವುದು?

ಕಾಯುವ ಈ ಒಂದು ವರ್ಷದಲ್ಲಿ ಒಂದು ಕೆಲಸ ಮಾಡಿ. ಹಾಳೆಯೊಂದನ್ನು ತೆಗೆದುಕೊಂಡು ನಿಮ್ಮ ತೊಂದರೆಯನ್ನು ಎರಡು ಭಾಗವಾಗಿ ಬರೆಯಿರಿ. ಒಂದು ಕಡೆ ಉಸಿರಾಟದ ತೊಂದರೆ, ಇನ್ನೊಂದು ಕಡೆ ಆಕಾರದ ಬೇಸರ.

ಮೂಗು ಕಟ್ಟಿಕೊಳ್ಳುವುದು, ಬಾಯಿಯಿಂದ ಉಸಿರಾಡುವುದು, ಗೊರಕೆ, ಉಸಿರಾಡುವಾಗ ಮೂಗಿನಲ್ಲಿ ಸಿಳ್ಳೆಯಂತಹ ಸದ್ದು, ವಾಸನೆ ತಿಳಿಯದಿರುವುದು, ಇವೆಲ್ಲ ಮೊದಲನೆಯ ಭಾಗಕ್ಕೆ ಸೇರಿದವು. ಸಿಳ್ಳೆಯ ಸದ್ದು ಬರುತ್ತಿದ್ದರೆ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತಾಗಿರಬಹುದು. ಕೆನ್ನೆಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದಾಗ ಉಸಿರು ಸರಾಗವಾಗುತ್ತಿದ್ದರೆ ಮೂಗಿನ ಪಕ್ಕದ ಗೋಡೆ ಬಲ ಕಳೆದುಕೊಂಡು ಒಳಗೆ ಕುಸಿಯುತ್ತಿರಬಹುದು. ಇದನ್ನು ವೈದ್ಯರಿಗೆ ತಪ್ಪದೆ ಹೇಳಿ. ಇವು ರೋಗದ ಲಕ್ಷಣಗಳು. ಇವುಗಳಿಗೆ ಚಿಕಿತ್ಸೆ ಪಡೆಯಲು ನಾಚಿಕೊಳ್ಳಬೇಕಾಗಿಲ್ಲ.

ಎರಡನೆಯ ಭಾಗದಲ್ಲಿ ದಿಂಡು ತಗ್ಗಾಗಿರುವುದು, ತುದಿ ವಾಲಿರುವುದು, ಹೊಳ್ಳೆಗಳು ಹೆಚ್ಚು ಕಮ್ಮಿಯಾಗಿರುವುದು ಮುಂತಾದವು ಬರುತ್ತವೆ. ಇಲ್ಲಿ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಈ ದೋಷ ಎದುರಿಗೆ ಕೂತವರಿಗೂ ಕಾಣುತ್ತದೆಯೇ? ಅಥವಾ ನನ್ನ ಕಣ್ಣಿಗೆ ಮಾತ್ರವೇ? ದಿನಕ್ಕೆ ಹತ್ತಾರು ಬಾರಿ ಕನ್ನಡಿ ನೋಡುವುದು, ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಡುವುದು, ಇತರರಿಗೆ ಕಾಣದ ದೋಷಕ್ಕಾಗಿ ಹಗಲಿರುಳು ಕೊರಗುವುದು ಒಂದು ಮಾನಸಿಕ ಕಾಯಿಲೆಯ ಲಕ್ಷಣವೂ ಆಗಿರಬಹುದು. ಅದಕ್ಕೆ ಎರಡನೆಯದಲ್ಲ, ಐದನೆಯ ಆಪರೇಷನ್ ಮಾಡಿಸಿದರೂ ಸಮಾಧಾನ ಸಿಗದು. ಮನಸ್ಸಿನ ಕಾಯಿಲೆಗೆ ಮನಸ್ಸಿನ ವೈದ್ಯರೇ ಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಎರಡನೆಯದು ಏಕೆ ಕಠಿಣ?

ಮೊದಲ ಶಸ್ತ್ರಚಿಕಿತ್ಸೆಯ ನಂತರ ನೂರರಲ್ಲಿ ಐದರಿಂದ ಹದಿನೈದು ಮಂದಿಗೆ ಮತ್ತೊಮ್ಮೆ ಸರಿಪಡಿಸುವ ಅಗತ್ಯ ಬೀಳುತ್ತದೆ ಎಂದು ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಹೇಳಲಾಗುತ್ತದೆ. ಆದ್ದರಿಂದ ನೀವು ಒಂಟಿಯಲ್ಲ. ಆದರೆ ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ ಕೆಲಸ.

ಮೂಗಿನ ಮೇಲ್ಭಾಗದಲ್ಲಿ ಎಲುಬು, ಕೆಳಭಾಗದಲ್ಲಿ ಮೃದ್ವಸ್ಥಿ ಇರುತ್ತದೆ. ಕಿವಿಯನ್ನು ಮಡಚಿದರೆ ಬಾಗುತ್ತದಲ್ಲ, ಅದೇ ಮೃದ್ವಸ್ಥಿ. ಮೊದಲ ಆಪರೇಷನ್‌ನಲ್ಲಿ ಇದನ್ನು ಅಗತ್ಯಕ್ಕಿಂತ ಹೆಚ್ಚು ತೆಗೆದಿದ್ದರೆ ಮೂಗಿನ ಆಧಾರವೇ ಹೋಗಿರುತ್ತದೆ. ಅದನ್ನು ಮತ್ತೆ ಕಟ್ಟಲು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ಉಳಿದ ಮೃದ್ವಸ್ಥಿ ಬೇಕು. ಅಲ್ಲಿ ಇಲ್ಲದಿದ್ದರೆ ಕಿವಿಯಿಂದ, ಅದೂ ಸಾಲದಿದ್ದರೆ ಪಕ್ಕೆಲುಬಿನಿಂದ ತೆಗೆಯಬೇಕಾಗುತ್ತದೆ. ಗಾಯ ಮಾಗಿ ಗಟ್ಟಿಯಾದ ಚರ್ಮವನ್ನು ಬಿಡಿಸುವುದೂ ಸುಲಭವಲ್ಲ. ಹಾಗಾಗಿ ಸಮಯ, ಖರ್ಚು, ಅಪಾಯ ಮೂರೂ ಹೆಚ್ಚು.

ಆಪರೇಷನ್ ಬೇಡ, ಒಂದು ಇಂಜೆಕ್ಷನ್ ಸಾಕು ಎಂದು ಫಿಲ್ಲರ್ ತುಂಬುವವರೂ ಇದ್ದಾರೆ. ಶಸ್ತ್ರಚಿಕಿತ್ಸೆಯಾದ ಮೂಗಿನಲ್ಲಿ ರಕ್ತನಾಳಗಳ ದಾರಿಯೇ ಬದಲಾಗಿರುತ್ತದೆ. ಫಿಲ್ಲರ್ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಕಣ್ಣಿನ ದೃಷ್ಟಿಯೇ ಹೋಗಬಹುದು. ಬ್ಯೂಟಿ ಪಾರ್ಲರ್‌ಗಳಲ್ಲಿ ಇದನ್ನು ಎಂದೂ ಮಾಡಿಸಿಕೊಳ್ಳಬೇಡಿ.

ಮೊದಲನೆಯದು ಕೆಟ್ಟ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ನಟಿ ಪ್ರಿಯಾಂಕಾ ಚೋಪ್ರಾ 2021ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ತಮ್ಮ ಅನುಭವ ಬರೆದಿದ್ದಾರೆ. ಮೂಗಿನೊಳಗೆ ಬೆಳೆದ ಪಾಲಿಪ್ ತೆಗೆಯುವಾಗ ತಪ್ಪಿ ದಿಂಡಿಗೆ ಪೆಟ್ಟು ಬಿದ್ದು ಮೂಗು ಕುಸಿಯಿತು. ಸರಿಪಡಿಸಲು ಹಲವು ಶಸ್ತ್ರಚಿಕಿತ್ಸೆಗಳು ಬೇಕಾದವು. ಆ ದಿನಗಳಲ್ಲಿ ಖಿನ್ನತೆಗೆ ಒಳಗಾಗಿದ್ದುದನ್ನೂ, ಚಿತ್ರಗಳಿಂದ ಕೈಬಿಡಲ್ಪಟ್ಟುದನ್ನೂ, ವೈದ್ಯರಾಗಿದ್ದ ತಂದೆ ಧೈರ್ಯ ತುಂಬಿ ಜೊತೆಗಿದ್ದುದನ್ನೂ ಅವರು 2023ರ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ಹಣ, ಹೆಸರು ಇದ್ದವರಿಗೇ ಇಷ್ಟು ಕಷ್ಟವಾದರೆ ನಮ್ಮ ಹೆಣ್ಣುಮಕ್ಕಳಿಗೆ ಮನೆಯವರ ಆಸರೆ ಎಷ್ಟು ಬೇಕು ಎಂಬುದನ್ನು ಯೋಚಿಸಿ.

ಧರ್ಮಸಮ್ಮತವೇ?

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೇವಲ ಸೌಂದರ್ಯಕ್ಕಾಗಿ ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದನ್ನು ಪ್ರವಾದಿ(ಸ) ಖಂಡಿಸಿದ್ದಾರೆ. ಜೊತೆಗೆ ಚಿಕಿತ್ಸೆ ಪಡೆಯಿರಿ ಎಂದೂ ಆದೇಶಿಸಿದ್ದಾರೆ. ಈ ಎರಡರ ನಡುವಿನ ಗೆರೆಯನ್ನು ಅರಿಯಲು ಮೂಗಿನದೇ ಒಂದು ಘಟನೆ ನಮ್ಮ ಮುಂದಿದೆ.

ಅರ್ಫಜ ಬಿನ್ ಅಸ್‌ಅದ್(ರ) ಎಂಬ ಸಹಾಬಿಯ ಮೂಗು ಇಸ್ಲಾಮಿಗೆ ಮುಂಚಿನ ಕಾಲದ ಕುಲಾಬ್ ಯುದ್ಧದಲ್ಲಿ ಕತ್ತರಿಸಿ ಹೋಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿ ಹಾಕಿಕೊಂಡರು. ಅದು ದುರ್ವಾಸನೆ ಬೀರತೊಡಗಿತು. ಆಗ ಪ್ರವಾದಿ(ಸ) ಅವರಿಗೆ ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಈ ಹದೀಸ್ ಇದೆ. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಅಗತ್ಯದ ಕಾರಣ ಅನುಮತಿ ಸಿಕ್ಕಿತು. ಮೊದಲ ಪರಿಹಾರ ಕೈಕೊಟ್ಟಾಗ ಎರಡನೆಯದನ್ನು ಹುಡುಕಿದ್ದಕ್ಕಾಗಿ ಅವರನ್ನು ಯಾರೂ ಹೀಯಾಳಿಸಲಿಲ್ಲ ಎಂಬುದನ್ನು ಗಮನಿಸಿ.

2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ ಇದೇ ದಾರಿಯಲ್ಲಿ ತೀರ್ಮಾನ ನೀಡಿತು. ಅಪಘಾತ, ಕಾಯಿಲೆಗಳಿಂದಾದ ದೋಷವನ್ನು ಹಾಗೂ ದೇಹಕ್ಕೋ ಮನಸ್ಸಿಗೋ ನೋವುಂಟುಮಾಡುವ ವಿಕಾರವನ್ನು ಸರಿಪಡಿಸಿಕೊಳ್ಳಬಹುದು. ಸಹಜವಾಗಿರುವ ರೂಪವನ್ನು ಇತರರ ಅನುಕರಣೆಗಾಗಿ ಬದಲಿಸುವುದು ಸಲ್ಲದು. ಲಾಭಕ್ಕಿಂತ ಹಾನಿ ಹೆಚ್ಚಾಗಿರಬಾರದು, ವೈದ್ಯರು ಪರಿಣಾಮಗಳನ್ನು ಮುಂಚಿತವಾಗಿ ತಿಳಿಸಬೇಕು ಎಂಬ ಷರತ್ತುಗಳನ್ನೂ ಹಾಕಿತು. ನೀವು ಬರೆದಿಟ್ಟ ಹಾಳೆ ಇಲ್ಲಿ ನೆರವಿಗೆ ಬರುತ್ತದೆ. ಅದನ್ನು ಹಿಡಿದು ವೈದ್ಯರನ್ನೂ ನಂಬಿಕಸ್ತ ಆಲಿಮರನ್ನೂ ಕೇಳಿ.

ವೈದ್ಯರ ಬಳಿ ಹೋಗುವಾಗ

ಮೊದಲ ಆಸ್ಪತ್ರೆಯಿಂದ ಆಪರೇಷನ್ ವಿವರಗಳ ಪ್ರತಿಯನ್ನು ಕೇಳಿ ಪಡೆಯಿರಿ. 2002ರ ವೈದ್ಯಕೀಯ ನೀತಿ ಸಂಹಿತೆಯ ಪ್ರಕಾರ ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು. ಯಾವ ಮೃದ್ವಸ್ಥಿ ತೆಗೆದರು, ಏನನ್ನು ಜೋಡಿಸಿದರು ಎಂಬುದು ಅದರಲ್ಲಿ ಇದ್ದರೆ ಹೊಸ ವೈದ್ಯರಿಗೆ ಅರ್ಧ ಕೆಲಸ ಸುಲಭ. ಆಪರೇಷನ್‌ಗೆ ಮುಂಚಿನ ಫೋಟೊಗಳನ್ನೂ ಒಯ್ಯಿರಿ.

ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕಿವಿ ಮೂಗು ಗಂಟಲು ತಜ್ಞರಿದ್ದಾರೆ. ಮೊದಲು ಅಲ್ಲಿ ಮೂಗಿನ ಒಳಭಾಗ ಪರೀಕ್ಷೆ ಮಾಡಿಸಿ. ನಂತರ ಕನಿಷ್ಠ ಇಬ್ಬರು ತಜ್ಞರ ಅಭಿಪ್ರಾಯ ಪಡೆಯಿರಿ. ಅವರನ್ನು ಕೇಳಬೇಕಾದ ಪ್ರಶ್ನೆಗಳು ಇವು: ನೀವು ಎಂ.ಸಿ.ಎಚ್. ಪ್ಲಾಸ್ಟಿಕ್ ಸರ್ಜರಿ ಅಥವಾ ಎಂ.ಎಸ್. ಇ.ಎನ್.ಟಿ. ಓದಿದ್ದೀರಾ? ಬೇರೆಯವರು ಮಾಡಿದ ಮೂಗನ್ನು ಸರಿಪಡಿಸಿದ ಅನುಭವ ಎಷ್ಟಿದೆ? ಮೃದ್ವಸ್ಥಿ ಎಲ್ಲಿಂದ ತೆಗೆಯುತ್ತೀರಿ? ಯಾವುದು ಸರಿಯಾಗಬಹುದು, ಯಾವುದು ಆಗದು? ಮತ್ತೆ ತೊಂದರೆಯಾದರೆ ಖರ್ಚು ಯಾರದು? ಸಿನಿಮಾ ನಟಿಯ ಮೂಗು ಮಾಡಿಕೊಡುತ್ತೇನೆ ಎನ್ನುವವರಿಗಿಂತ, ಇಷ್ಟು ಮಾತ್ರ ಸಾಧ್ಯ ಎನ್ನುವವರನ್ನು ನಂಬಿ.

ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಉಸಿರಾಟದ ತೊಂದರೆ ವೈದ್ಯಕೀಯ ಅಗತ್ಯವೆಂದು ದಾಖಲಾಗಿದ್ದರೆ ವಿಮಾ ಕಂಪೆನಿಯನ್ನು ಮೊದಲೇ ಕೇಳಿ. ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದ್ದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಫಲಿತಾಂಶ ಮನಸ್ಸಿಗೆ ಬರಲಿಲ್ಲ ಎಂಬುದಷ್ಟೇ ನಿರ್ಲಕ್ಷ್ಯವಾಗುವುದಿಲ್ಲ.

ವುಝೂ, ನಮಾಝ್ ಮತ್ತು ನಿಖಾಬ್

ಆಪರೇಷನ್ ಆದ ಮೇಲೆ ವೈದ್ಯರು ಅನುಮತಿಸುವವರೆಗೆ ವುಝೂ ಮಾಡುವಾಗ ನಲ್ಲಿಯ ನೀರನ್ನು ಮೂಗಿಗೆ ಏರಿಸಬೇಡಿ. ಅವರು ಕೊಟ್ಟ ಉಪ್ಪುನೀರಿನ ಸ್ಪ್ರೇ ಮಾತ್ರ ಬಳಸಿ. ಪಟ್ಟಿಯ ಮೇಲೆ ಸವರುವುದು, ಗುಸ್ಲ್ ಮುಂತಾದವುಗಳ ಬಗ್ಗೆ ಆಲಿಮರಲ್ಲಿ ಮುಂಚಿತವಾಗಿ ಕೇಳಿಕೊಳ್ಳಿ. ತಲೆ ಬಗ್ಗಿಸಿದರೆ ರಕ್ತ ಸೋರುವ ಅಪಾಯವಿರುವುದರಿಂದ ಮೊದಲ ವಾರಗಳಲ್ಲಿ ಸುಜೂದ್ ಬದಲು ಕುಳಿತು ಸಂಜ್ಞೆಯಿಂದ ನಮಾಝ್ ಮಾಡಬಹುದು. ರೋಗಿಗೆ ಧರ್ಮ ಈ ರಿಯಾಯಿತಿ ಕೊಟ್ಟಿದೆ. ನಿಖಾಬಿನ ಬಿಗಿಯಾದ ಪಟ್ಟಿ ಮತ್ತು ಕನ್ನಡಕ ದಿಂಡಿನ ಮೇಲೆ ಒತ್ತದಂತೆ ಕೆಲವು ವಾರ ಎಚ್ಚರವಿರಲಿ. ತಲೆಯ ಮೇಲಿಂದ ಹಾಕುವ ಬಟ್ಟೆಗಿಂತ ಮುಂದೆ ಗುಂಡಿಯಿರುವ ಬಟ್ಟೆ ಒಳ್ಳೆಯದು.

ಮನೆಯವರಿಗೆ ಒಂದು ಮಾತು

ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಹುಡುಗಿ ನೋಡಲು ಬಂದವರ ಒಂದು ಮಾತು ಎಷ್ಟೋ ಹೆಣ್ಣುಮಕ್ಕಳಿಗೆ ಹಾಗೆ ಭಾರವಾಗಿದೆ. ಆಪರೇಷನ್ ಟೇಬಲ್ಲಿನವರೆಗೆ ಅವರನ್ನು ತಳ್ಳಿದ್ದೂ ಹಲವು ಸಲ ಆ ಮಾತೇ. ಅತ್ತೆಯಂದಿರೇ, ಅಮ್ಮಂದಿರೇ, ಈಗ ನಿನಗೆ ಇದು ಬೇಕಿತ್ತೇ ಎಂದು ಆಕೆಯನ್ನು ಮತ್ತೆ ಚುಚ್ಚಬೇಡಿ. ಆಕೆ ರಾತ್ರಿ ಉಸಿರಾಡಲು ಒದ್ದಾಡುತ್ತಿದ್ದರೆ ಜೊತೆಗೆ ಆಸ್ಪತ್ರೆಗೆ ಹೋಗಿ. ಆಕಾರಕ್ಕಾಗಿ ಮಾತ್ರ ಕೊರಗುತ್ತಿದ್ದರೆ ಆಕೆಯ ಪಕ್ಕದಲ್ಲಿ ಕುಳಿತು ಮಾತಾಡಿ.

ಮತ್ತು ಸಹೋದರಿ, ಎರಡನೇ ಆಪರೇಷನ್ ಬೇಕೇ ಬೇಡವೇ ಎಂಬ ತೀರ್ಮಾನ ನಿಮ್ಮದು. ಅದಕ್ಕೆ ಒಂದು ವರ್ಷದ ಸಬ್ರ್, ಇಬ್ಬರು ವೈದ್ಯರ ಮಾತು, ಮನೆಯವರೊಂದಿಗೆ ಮುಕ್ತ ಚರ್ಚೆ, ಇಷ್ಟು ಕೊಡಿ. ಆಮೇಲೆ ಬೇಡವೆಂದು ತೋರಿದರೂ ಅದು ಸೋಲಲ್ಲ. ಬೇಕೆಂದು ತೋರಿದರೆ ಬಿಸ್ಮಿಲ್ಲಾ ಹೇಳಿ ಧೈರ್ಯವಾಗಿ ಮುಂದುವರಿಯಿರಿ.