ಮರುಭೂಮಿಯ ಸೀಳುಕಮರಿಗೆ ಸಮೀಪದ ದಾರಿ: ಬಕ್‌ಸ್ಕಿನ್ ಗಲ್ಚ್ ಪ್ರವೇಶಕ್ಕೆ ಅರ್ಜಿ ಸಲ್ಲಿಸುವವರಿಗೆ ಮಾಹಿತಿ

ಅಮೆರಿಕ ಸಂಯುಕ್ತ ಸಂಸ್ಥಾನದ ಯೂಟಾ ಮತ್ತು ಅರಿಝೋನಾ ರಾಜ್ಯಗಳ ಗಡಿಯಲ್ಲಿರುವ ಬಕ್‌ಸ್ಕಿನ್ ಗಲ್ಚ್ ಜಗತ್ತಿನ ಅತ್ಯಂತ ಉದ್ದವಾದ ಸೀಳುಕಮರಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಇದರ ಮೇಲ್ಭಾಗವನ್ನು ಪ್ರವೇಶಿಸಲು ಎರಡು ಅಧಿಕೃತ ದ್ವಾರಗಳಿದ್ದು, ಅವುಗಳಲ್ಲಿ ಒಂದು ಗಣನೀಯವಾಗಿ ಸಮೀಪದ್ದಾಗಿದೆ. ಸಮೀಪದ ದಾರಿ ಯಾವುದು, ಅದು ಹೇಗೆ ಉಂಟಾಗಿದೆ, ಅದರಿಂದ ಉಳಿಯುವುದೇನು ಮತ್ತು ಉಳಿಯದೇ ಇರುವುದೇನು ಎಂಬುದನ್ನು ಪರವಾನಗಿಗೆ ಅರ್ಜಿ ಸಲ್ಲಿಸುವ ಮುನ್ನ ಅರ್ಜಿದಾರರು ತಿಳಿದಿರುವುದು ಅವಶ್ಯಕ. ಈ ಉದ್ದೇಶದಿಂದ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಸೀಳುಕಮರಿ ಎಂದರೇನು?

ಅಗಲಕ್ಕಿಂತ ಆಳವು ಹಲವು ಪಟ್ಟು ಹೆಚ್ಚಾಗಿರುವ, ಮಳೆನೀರಿನ ರಭಸದಿಂದ ಮರಳುಗಲ್ಲಿನಲ್ಲಿ ಕೊರೆದುಹೋದ ಇಕ್ಕಟ್ಟಾದ ಕಣಿವೆಯನ್ನು ಸೀಳುಕಮರಿ ಎನ್ನಲಾಗುತ್ತದೆ. ಬಕ್‌ಸ್ಕಿನ್ ಗಲ್ಚ್ ನವಾಹೋ ಮರಳುಗಲ್ಲು ಎಂಬ ಶಿಲಾಸ್ತರದಲ್ಲಿ ರೂಪುಗೊಂಡಿದೆ. ಈ ಸ್ತರವು ಜುರಾಸಿಕ್ ಯುಗದಲ್ಲಿ ಗಾಳಿಯಿಂದ ರಾಶಿಗೊಂಡ ಮರಳು ದಿಬ್ಬಗಳು ಗಟ್ಟಿಯಾಗಿ ಉಂಟಾದುದು. ಕಮರಿಯ ಗೋಡೆಗಳು ಕೆಲವೆಡೆ ಎರಡು ತೋಳುಗಳನ್ನು ಚಾಚಿದರೆ ತಾಗುವಷ್ಟು ಹತ್ತಿರವಾಗಿದ್ದು, ಕೆಳಭಾಗದಲ್ಲಿ 100 ಮೀಟರಿಗೂ ಮಿಕ್ಕಿ ಎತ್ತರವಾಗಿವೆ. ವರ್ಷದ ಬಹುಭಾಗ ತಳವು ಒಣಗಿರುತ್ತದೆ ಅಥವಾ ಅಲ್ಲಲ್ಲಿ ಕೆಸರುಗುಂಡಿಗಳಿರುತ್ತವೆ. ಕಮರಿಯನ್ನು ಕೊರೆದದ್ದು ನಿತ್ಯ ಹರಿಯುವ ಹೊಳೆಯಲ್ಲ, ಆಗಾಗ್ಗೆ ಬರುವ ಹಠಾತ್ ಪ್ರವಾಹ. ಈ ಲೇಖನದ ಉಳಿದ ಭಾಗವನ್ನು ಓದುವಾಗ ಈ ಅಂಶವನ್ನು ಮರೆಯಬಾರದು.

ಕಮರಿಯು 1984 ರಲ್ಲಿ ಘೋಷಿತವಾದ ಪರೀಯ ಕಣಿವೆ–ವರ್ಮಿಲಿಯನ್ ಕ್ಲಿಫ್ಸ್ ವನ್ಯಪ್ರದೇಶದ ವ್ಯಾಪ್ತಿಗೆ ಸೇರಿದೆ. ಇದರ ಆಡಳಿತವು ಅಮೆರಿಕ ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಬ್ಯೂರೋದ ಅಧೀನದಲ್ಲಿದ್ದು, ಪರವಾನಗಿ ನೀಡುವ ಅಧಿಕಾರವೂ ಅದಕ್ಕೇ ಸೇರಿರುತ್ತದೆ.

ಎರಡು ದ್ವಾರಗಳು

ಯೂಟಾದ ಕನಾಬ್ ಪಟ್ಟಣದಿಂದ 89ನೇ ಸಂಖ್ಯೆಯ ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು 60 ಕಿ.ಮೀ. ಸಾಗಿದಾಗ, 25 ಮತ್ತು 26ನೇ ಮೈಲಿಗಲ್ಲುಗಳ ನಡುವೆ ದಕ್ಷಿಣಕ್ಕೆ ಹೌಸ್ ರಾಕ್ ವ್ಯಾಲಿ ಎಂಬ ಕಚ್ಚಾ ರಸ್ತೆ ಕವಲೊಡೆಯುತ್ತದೆ. ಈ ರಸ್ತೆಯಲ್ಲಿ ಸುಮಾರು 7 ಕಿ.ಮೀ. ದೂರದಲ್ಲಿ ಬಕ್‌ಸ್ಕಿನ್ ದ್ವಾರವೂ, ಮತ್ತೂ ಸುಮಾರು 6 ಕಿ.ಮೀ. ಮುಂದೆ ವೈರ್ ಪಾಸ್ ದ್ವಾರವೂ ಇವೆ.

ಬಕ್‌ಸ್ಕಿನ್ ದ್ವಾರದಿಂದ ಹೊರಟವರು ಮುಖ್ಯ ಹಳ್ಳದ ಪಾತ್ರದಲ್ಲಿಯೇ ನಡೆಯುತ್ತಾರೆ. ಮೊದಲ ಭಾಗ ಬಯಲು. ಮರಳಿನಲ್ಲಿ ಕಾಲು ಹೂತು ನಡಿಗೆ ನಿಧಾನವಾಗುತ್ತದೆ, ನೆರಳು ಕಡಿಮೆ. ವೈರ್ ಪಾಸ್ ಹಳ್ಳವು ಬಂದು ಸೇರುವ ಸಂಗಮವನ್ನು ಈ ದಾರಿಯಲ್ಲಿ ತಲುಪಲು ಸುಮಾರು 4.5 ಮೈಲಿ, ಅಂದರೆ 7.2 ಕಿ.ಮೀ. ನಡೆಯಬೇಕಾಗುತ್ತದೆ. ವೈರ್ ಪಾಸ್ ದ್ವಾರದಿಂದ ಅದೇ ಸಂಗಮಕ್ಕೆ ಸುಮಾರು 1.7 ಮೈಲಿ, ಅಂದರೆ 2.7 ಕಿ.ಮೀ. ಮಾತ್ರ. ಒಂದು ಕಡೆಗೆ 4.5 ಕಿ.ಮೀ., ಹೋಗಿ ಬರುವವರಿಗೆ 9 ಕಿ.ಮೀ. ಉಳಿತಾಯವಾಗುತ್ತದೆ. ಮರುಭೂಮಿಯ ಬಿಸಿಲಿನಲ್ಲಿ ಇದು ಎರಡು ಮೂರು ಗಂಟೆಗಳ ನಡಿಗೆಯಾಗಿದ್ದು, ಹೊರಬೇಕಾದ ನೀರಿನ ಪ್ರಮಾಣವನ್ನೂ ತಗ್ಗಿಸುತ್ತದೆ. ತಲಾ ದಿನಕ್ಕೆ ನಾಲ್ಕು ಲೀಟರ್ ನೀರು ಒಯ್ಯುವುದು ಸಾಮಾನ್ಯ ಸಲಹೆ.

ಒಂದೇ ದಿನದಲ್ಲಿ ಕಮರಿಯ ಇಕ್ಕಟ್ಟಾದ ಭಾಗವನ್ನು ನೋಡಿ ಮರಳಬಯಸುವವರಿಗೆ ವೈರ್ ಪಾಸ್ ದ್ವಾರವೇ ಸೂಕ್ತ. ಇದರಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. ಸಂಗಮದ ಬಳಿ ಬಂಡೆಯ ಗೋಡೆಯಲ್ಲಿ ಪ್ರಾಚೀನ ಜನರು ಕೊರೆದ ಕಾಡುಕುರಿಗಳ ರೇಖಾಚಿತ್ರಗಳಿದ್ದು, ಅವುಗಳನ್ನು ಕೈಯಿಂದ ಮುಟ್ಟಬಾರದು.

ಸಮೀಪದ ದಾರಿ ಹೇಗೆ ಉಂಟಾಗುತ್ತದೆ?

ವೈರ್ ಪಾಸ್ ಮನುಷ್ಯರು ಕಡಿದ ದಾರಿಯಲ್ಲ. ಅದು ಬಕ್‌ಸ್ಕಿನ್ ಗಲ್ಚ್‌ನ ಒಂದು ಉಪಹಳ್ಳ. ಉಪಹಳ್ಳದಲ್ಲಿ ಸಾಕಷ್ಟು ನೀರು ಹರಿದಿದ್ದರೆ ಅದೂ ಮುಖ್ಯ ಕಮರಿಯಷ್ಟೇ ಆಳಕ್ಕೆ ಕೊರೆದುಕೊಂಡು, ತಳದ ಮಟ್ಟದಲ್ಲಿಯೇ ಬಂದು ಸೇರುತ್ತದೆ. ಆಗ ಅದು ನಡೆದು ಇಳಿಯಬಹುದಾದ ಪಕ್ಕದ ಬಾಗಿಲಿನಂತಾಗುತ್ತದೆ. ಹರಿವು ಸಾಲದಿದ್ದರೆ ಉಪಹಳ್ಳವು ಮುಖ್ಯ ಕಮರಿಯ ಗೋಡೆಯ ನಡುವೆ ಎಲ್ಲೋ ಮೇಲೆಯೇ ನಿಂತುಬಿಡುತ್ತದೆ. ಅಂತಹ ಹಳ್ಳವನ್ನು ಹಿಡಿದು ಹೋದವರು ಕೊನೆಯಲ್ಲಿ ಪ್ರಪಾತದ ಅಂಚಿನಲ್ಲಿ ನಿಲ್ಲುತ್ತಾರೆ.

ಈ ಎರಡು ಬಗೆಯ ಹಳ್ಳಗಳು ನಕ್ಷೆಯಲ್ಲಿ ಹೆಚ್ಚು ಕಡಿಮೆ ಒಂದೇ ರೀತಿ ಕಾಣುತ್ತವೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಲಕ್ಷಣ ನಕ್ಷೆಗಳು 1:24,000 ಪ್ರಮಾಣದಲ್ಲಿವೆ. ಈ ಪ್ರಮಾಣದಲ್ಲಿ ಒಂದು ಮೀಟರ್ ಅಗಲದ ಸೀಳು ನಕ್ಷೆಯ ಮೇಲೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಿರಿದು. ಅಚ್ಚಿನ ಗೆರೆಯೇ ಅದಕ್ಕಿಂತ ದಪ್ಪ. ಸಮೋನ್ನತಿ ರೇಖೆಗಳ ನಡುವಿನ ಅಂತರ 40 ಅಡಿಗಳಿರುವ ನಕ್ಷೆಯಲ್ಲಿ 30 ಅಡಿಯ ಕಡಿದಾದ ಇಳಿತವೊಂದು ಸಂಪೂರ್ಣವಾಗಿ ಮರೆಯಾಗಿರಲು ಸಾಧ್ಯ. ಉಪಗ್ರಹ ಚಿತ್ರಗಳು ಮೇಲಿನಿಂದ ತೆಗೆದವಾದ್ದರಿಂದ ಬಾಗಿದ ಗೋಡೆಗಳ ಕೆಳಗಿರುವುದನ್ನು ತೋರಿಸಲಾರವು. ಕಮರಿಯ ಒಳಗೆ ಆಕಾಶದ ಸಣ್ಣ ಪಟ್ಟಿ ಮಾತ್ರ ಕಾಣುವುದರಿಂದ ಜಿಪಿಎಸ್ ಸಾಧನಗಳು ಸ್ಥಾನವನ್ನು ತಪ್ಪಾಗಿ ತೋರಿಸುವುದು ಸಾಮಾನ್ಯ. ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ.

ಆದುದರಿಂದ ಪರದೆಯ ಮೇಲೆ ಗೆರೆ ಎಳೆದು ಇನ್ನೂ ಹತ್ತಿರದ ಮೂರನೆಯ ದಾರಿಯನ್ನು ಕಂಡುಹಿಡಿದೆವೆಂದು ಹೊರಡುವುದು ಅಪಾಯಕರ. ಕಮರಿಯ ಉದ್ದದ ಸುಮಾರು ಅರ್ಧದಲ್ಲಿ ಮಿಡ್ಲ್ ರೂಟ್ ಎಂಬ ಒಂದು ಜಾಗವಿದ್ದು, ಅಲ್ಲಿ ಬಂಡೆ ಹತ್ತುವ ಅಭ್ಯಾಸವುಳ್ಳವರು ಗೋಡೆಯನ್ನೇರಿ ಹೊರಬರಬಹುದು. ಇದನ್ನು ಕೆಲವರು ಅಡ್ಡದಾರಿ ಎಂದು ಭಾವಿಸುವುದುಂಟು. ಹೊರೆ ಹೊತ್ತವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಅದು ದಾರಿಯೇ ಅಲ್ಲ.

ದಾರಿಯಿಲ್ಲದ ಕಡೆ ನಡೆಯುವುದರಿಂದ ನೆಲಕ್ಕೂ ಹಾನಿಯುಂಟು. ಅಲ್ಲಿನ ಮರಳಿನ ಮೇಲೆ ಸೂಕ್ಷ್ಮಜೀವಿಗಳು, ಪಾಚಿ ಮತ್ತು ಕಲ್ಲುಹೂಗಳು ಕೂಡಿ ಉಂಟಾದ ಕಪ್ಪುಬಣ್ಣದ ಹೆಪ್ಪು ಇರುತ್ತದೆ. ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುವ ಈ ಹೆಪ್ಪು ಒಮ್ಮೆ ತುಳಿದರೆ ಮತ್ತೆ ಬೆಳೆಯಲು ದಶಕಗಳು ಬೇಕಾಗಬಹುದು. ಹಳ್ಳದ ಪಾತ್ರದಲ್ಲಿ ಅಥವಾ ಬರಿ ಬಂಡೆಯ ಮೇಲೆ ಮಾತ್ರ ನಡೆಯತಕ್ಕದ್ದು.

ಸಮೀಪದ ದಾರಿಯಿಂದ ಏನು ಉಳಿಯುವುದಿಲ್ಲ?

ವೈರ್ ಪಾಸ್ ದಾರಿಯು ಬಿಸಿಲನ್ನೂ ಮರಳನ್ನೂ ಉಳಿಸುತ್ತದೆಯೇ ಹೊರತು ಅಪಾಯವನ್ನಲ್ಲ. ಬಕ್‌ಸ್ಕಿನ್ ದ್ವಾರದಿಂದ ಹೋಗುವವರಿಗೆ ಬಯಲಿನಲ್ಲಿ ನಡೆಯುವಾಗ ಮೋಡಗಳನ್ನು ಗಮನಿಸಿ ಹಿಂದಿರುಗಲು ಬೇಕಾದಷ್ಟು ಕಾಲಾವಕಾಶವಿದೆ. ವೈರ್ ಪಾಸ್‌ನಲ್ಲಿ ಒಂದು ಗಂಟೆಯೊಳಗೆ ಗೋಡೆಗಳು ಎರಡೂ ಬದಿಯಿಂದ ಮುಚ್ಚಿಕೊಳ್ಳುತ್ತವೆ. ಅನಂತರ ಆಕಾಶ ಕಾಣುವುದು ಅಷ್ಟಕ್ಕಷ್ಟೆ. ಆದ್ದರಿಂದ ಹೋಗಬೇಕೇ ಬೇಡವೇ ಎಂಬ ನಿರ್ಣಯವನ್ನು ವಾಹನ ನಿಲ್ಲಿಸಿದ ಸ್ಥಳದಲ್ಲಿಯೇ ಕೈಗೊಳ್ಳಬೇಕು.

ತಲೆಯ ಮೇಲೆ ಮಳೆಯಿಲ್ಲ ಎಂಬುದು ಆಧಾರವಾಗುವುದಿಲ್ಲ. ಮಲೆನಾಡಿನ ಹಳ್ಳ ಮಳೆಗಾಲದಲ್ಲಿ ಏರುವುದನ್ನು ಕಂಡವರಿಗೂ ಇದು ಹೊಸತು, ಏಕೆಂದರೆ ಅಲ್ಲಿ ಮಳೆ ಕಣ್ಣೆದುರಿಗೇ ಇರುತ್ತದೆ. ಇಲ್ಲಿ ಹತ್ತಾರು ಕಿಲೋಮೀಟರ್ ದೂರದ ಎತ್ತರದ ಪ್ರದೇಶದಲ್ಲಿ ಬಿದ್ದ ಮಳೆ ಬರಿ ಬಂಡೆಯ ಮೇಲಿಂದ ಜಾರಿ ಕಮರಿಗೆ ನುಗ್ಗುತ್ತದೆ. ಇದೇ ಸೀಮೆಯ ಪೇಜ್ ಪಟ್ಟಣದ ಸಮೀಪದಲ್ಲಿರುವ ಕೆಳ ಆಂಟಿಲೋಪ್ ಕಮರಿಯಲ್ಲಿ 1997 ರ ಆಗಸ್ಟ್ 12 ರಂದು 11 ಪ್ರವಾಸಿಗರು ಹೀಗೆಯೇ ಮೃತಪಟ್ಟರು. ಮಳೆ ಸುರಿದದ್ದು ದೂರದ ಮೇಲ್ಭಾಗದಲ್ಲಿ. 2015 ರ ಸೆಪ್ಟೆಂಬರ್ 14 ರಂದು ಜಯಾನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕಮರಿಯಲ್ಲಿ ಒಂದೇ ತಂಡದ 7 ಮಂದಿ ಪ್ರವಾಹಕ್ಕೆ ಬಲಿಯಾದರು. ಬಕ್‌ಸ್ಕಿನ್ ಗಲ್ಚ್‌ನಲ್ಲಿಯೇ 2023 ರ ಮಾರ್ಚ್ ತಿಂಗಳಿನಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಗುಡುಗುಮಳೆಯ ಕಾಲ ಹೆಚ್ಚು ಅಪಾಯಕರವೆಂಬುದು ನಿಜ. ಆದರೆ ಮಾರ್ಚ್ ತಿಂಗಳ ಈ ಘಟನೆಯು ಉಳಿದ ಕಾಲ ಸುರಕ್ಷಿತವೆಂಬ ಭಾವನೆಯನ್ನು ಸುಳ್ಳಾಗಿಸುತ್ತದೆ. ಹವಾಮಾನ ಮುನ್ಸೂಚನೆಯನ್ನು ಕಮರಿಯ ಸ್ಥಳಕ್ಕೆ ಮಾತ್ರವಲ್ಲದೆ ಅದಕ್ಕೆ ನೀರು ಹರಿಸುವ ಇಡೀ ಮೇಲ್ಭಾಗಕ್ಕೆ ನೋಡತಕ್ಕದ್ದು. ಸಂಶಯವಿದ್ದಲ್ಲಿ ಒಳಗೆ ಹೋಗಬಾರದು. ಕಟ್ಟಿದ ಶುಲ್ಕ ಹೋದರೆ ಹೋಗಲಿ.

ವೈರ್ ಪಾಸ್‌ನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಬಂಡೆಯೊಂದರ ಬಳಿ ಎರಡು ಮೂರು ಮೀಟರ್ ಇಳಿಯಬೇಕಾಗುತ್ತದೆ. ಪ್ರತಿ ಪ್ರವಾಹವೂ ಮರಳನ್ನು ತುಂಬುವುದು ಅಥವಾ ಕೊರೆಯುವುದರಿಂದ ಈ ಇಳಿತದ ಎತ್ತರ ಬದಲಾಗುತ್ತಿರುತ್ತದೆ. ಕಳೆದ ವರ್ಷ ಹೋಗಿಬಂದವರ ವಿವರಣೆ ಈ ವರ್ಷಕ್ಕೆ ಹೊಂದದೇ ಇರಬಹುದು. ಇಳಿದ ಮೇಲೆ ಮತ್ತೆ ಹತ್ತಬೇಕೆಂಬುದನ್ನು ಇಳಿಯುವ ಮುನ್ನ ಯೋಚಿಸುವುದು ಒಳ್ಳೆಯದು. ಮುಂದೆ ಕಮರಿಯೊಳಗಿನ ಗುಂಡಿಗಳ ನೀರು ಬೇಸಿಗೆಯಲ್ಲಿಯೂ ಕೊರೆಯುವಷ್ಟು ತಣ್ಣಗಿದ್ದು, ಸೊಂಟದವರೆಗೆ ಅಥವಾ ಅದಕ್ಕಿಂತ ಆಳವಾಗಿರಬಹುದು.

ನಡಿಗೆ ಕಡಿಮೆಯಾದರೂ ಕಚ್ಚಾ ರಸ್ತೆಯ ಪ್ರಯಾಣ ಹೆಚ್ಚಾಗುತ್ತದೆ ಎಂಬುದೂ ಗಮನಾರ್ಹ. ಹೌಸ್ ರಾಕ್ ವ್ಯಾಲಿ ರಸ್ತೆಯ ಜೇಡಿಮಣ್ಣು ಒದ್ದೆಯಾದಾಗ ನಾಲ್ಕು ಚಕ್ರಗಳ ಚಾಲನೆಯ ವಾಹನಗಳೂ ಹೂತುಹೋಗುತ್ತವೆ. ಬಾಡಿಗೆ ವಾಹನಗಳ ಕರಾರಿನಲ್ಲಿ ಕಚ್ಚಾ ರಸ್ತೆಗೆ ನಿರ್ಬಂಧವಿರುವುದು ಸಾಮಾನ್ಯವಾದ್ದರಿಂದ ಕರಾರುಪತ್ರವನ್ನು ಓದಿ ನೋಡತಕ್ಕದ್ದು.

ಪರವಾನಗಿ

ಒಂದು ದಿನದ ಭೇಟಿಗೆ ತಲಾ 6 ಡಾಲರ್ ಶುಲ್ಕ ವಿಧಿಸಲಾಗುತ್ತಿದೆ. ಪಾವತಿಸುವ ಮುನ್ನ ಬ್ಯೂರೋ ಪ್ರಕಟಿಸಿರುವ ದರವನ್ನು ಪರಿಶೀಲಿಸಿಕೊಳ್ಳುವುದು. ದಿನದ ಭೇಟಿಗೆ ಸಂಖ್ಯೆಯ ಮಿತಿಯಿಲ್ಲ. ರಾತ್ರಿ ತಂಗುವ ಪರವಾನಗಿಯನ್ನು ದಿನಕ್ಕೆ ಒಟ್ಟು 20 ಮಂದಿಗೆ ಮಾತ್ರ ನೀಡಲಾಗುತ್ತಿದ್ದು, ಒಂದು ತಂಡದಲ್ಲಿ 10 ಜನರಿಗಿಂತ ಹೆಚ್ಚು ಇರುವಂತಿಲ್ಲ. ವೈರ್ ಪಾಸ್‌ನಿಂದ ಹೊರಟು ಪರೀಯ ನದಿಯನ್ನು ಸೇರಿ, ವೈಟ್ ಹೌಸ್ ದ್ವಾರದಲ್ಲಿ ಹೊರಬರುವ ಪೂರ್ಣ ಪಯಣ ಸುಮಾರು 21 ಮೈಲಿ, ಅಂದರೆ 34 ಕಿ.ಮೀ. ಗಳಾಗುತ್ತದೆ. ಇದರಲ್ಲಿ ಬಹುಭಾಗ ಕಮರಿಯೊಳಗೇ ಇದ್ದು, ಪರೀಯ ಸಂಗಮದ ಸಮೀಪ ಬರುವವರೆಗೆ ತಂಗಲು ಯೋಗ್ಯವಾದ ಎತ್ತರದ ಜಾಗ ಸಿಗುವುದಿಲ್ಲ. ಬೆಂಕಿ ಹಚ್ಚುವುದನ್ನು ನಿಷೇಧಿಸಲಾಗಿದೆ.

ವೈರ್ ಪಾಸ್ ವಾಹನ ನಿಲುಗಡೆಯಿಂದಲೇ “ದಿ ವೇವ್” ಎಂಬ ಪ್ರಸಿದ್ಧ ಬಂಡೆಯ ದಾರಿಯೂ ಆರಂಭವಾಗುತ್ತದೆ. ಇದರಿಂದ ಅರ್ಜಿದಾರರಲ್ಲಿ ಗೊಂದಲ ಉಂಟಾಗುತ್ತಿದೆ. ವೇವ್ ಇರುವ ಉತ್ತರ ಕಯೋಟಿ ಬ್ಯೂಟ್ಸ್ ಪ್ರದೇಶಕ್ಕೆ ಲಾಟರಿ ಮೂಲಕ ಪ್ರತ್ಯೇಕ ಪರವಾನಗಿ ನೀಡಲಾಗುತ್ತಿದ್ದು, 2021 ರಿಂದ ದಿನಕ್ಕೆ 64 ಮಂದಿಯವರೆಗೆ ಅವಕಾಶವಿದೆ. ಬಕ್‌ಸ್ಕಿನ್ ಗಲ್ಚ್‌ಗೆ ಮಾತ್ರ ಹೋಗುವವರು ಆ ಲಾಟರಿಗೆ ಅರ್ಜಿ ಹಾಕುವ ಅಗತ್ಯವಿಲ್ಲ. ಅಂತೆಯೇ ಬಕ್‌ಸ್ಕಿನ್ ಪರವಾನಗಿ ಇಟ್ಟುಕೊಂಡು ವೇವ್ ಕಡೆಗೆ ಹೋಗುವಂತಿಲ್ಲ. ದ್ವಾರದಿಂದ ಸುಮಾರು ಅರ್ಧ ಮೈಲಿ ನಡೆದ ಬಳಿಕ ವೇವ್ ದಾರಿಯು ಹಳ್ಳವನ್ನು ಬಿಟ್ಟು ಬಲಕ್ಕೆ ಏರುತ್ತದೆ. ಕಮರಿಗೆ ಹೋಗುವವರು ಹಳ್ಳದಲ್ಲಿಯೇ ಮುಂದುವರಿಯಬೇಕು.

ಯೂಟಾ ರಾಜ್ಯದಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡಲಾಗುತ್ತದೆ. ಅರಿಝೋನಾದ ಪೇಜ್ ಪಟ್ಟಣದಲ್ಲಿ ಈ ಪದ್ಧತಿಯಿಲ್ಲ. ಗಡಿಯ ಸಮೀಪ ಮೊಬೈಲ್ ಗಡಿಯಾರಗಳು ತಾವಾಗಿಯೇ ಬದಲಾಗುವುದರಿಂದ, ಪೇಜ್‌ನಲ್ಲಿ ತಂಗಿ ವೈರ್ ಪಾಸ್‌ಗೆ ಬರುವವರು ಹಾಗೂ ಹೊರಬರುವ ದ್ವಾರಕ್ಕೆ ವಾಹನವನ್ನು ಗೊತ್ತುಮಾಡುವವರು ಯಾವ ರಾಜ್ಯದ ಸಮಯವೆಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.